ಕೂಗಲಾರೆ, ಕೂತಿರುವೆ

ಸೊರಬ
೧೨ ಅಕ್ಟೋಬರ್ ೧೯೫೭

ವನಜಕ್ಕನವರಿಗೆ ಸೊರಬದಿಂದ ಲೋಕಪ್ಪನ ಶರಣು.

ಕಾಗದ ನಿಮ್ಮ ಹೆಸರಿಗಿದ್ದರೂ ವಿಷಯ ಗುರುಗಳದು. ಅವರ ಕಣ್ಣಿಗೆ ಪೊರೆ ಬಂದು ನಿಮ್ಮ ಮನೆಗೆ ಬಂದು ನಿಂತಾಗಿನಿಂದ ಅವರ ಕಾಗದ ಓದುವುದೂ ಬರೆಯುವುದೂ ನಿಮ್ಮ ಪಾಲಿಗೆ ಬಿದ್ದಿದೆಯಲ್ಲ. ಅವರು ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಕೂತಿರುವಾಗ ಇದನ್ನು ಓದಿ. ಹಸಿದಿರುವಾಗ ಓದಿದರೆ ಮೊದಲ ಸಾಲಿಗೇ "ಸಾಕು" ಅಂದುಬಿಡುತ್ತಾರೆ.

ಇಲ್ಲಿ ಒಂದು ಸಂಗೀತ ಸಭಾ ಹುಟ್ಟಿದೆ. ಹುಟ್ಟಿಸಿದವರು ಅಡಿಕೆ ಮಂಡಿಯ ಉಚ್ಚಂಗಪ್ಪನವರು. ಸಂಕ್ರಾಂತಿ ಕಳೆದ ಮೇಲೆ ಮೊದಲ ಹಾಡುಗಾರಿಕೆ, ಅವರ ಮಂಡಿಯ ಉಗ್ರಾಣದಲ್ಲೇ. ಚೀಲಗಳನ್ನು ಗೋಡೆಗೆ ಒತ್ತರಿಸಿ ಜಮಖಾನ ಹಾಸಿಸುತ್ತಾರಂತೆ. ಹಾಡುವವನು ನಾನು, ಇಲ್ಲಿನ ಸ್ಕೂಲು ಮೇಷ್ಟ್ರು. ನನ್ನ ಗುರುಗಳ ಕೃತಿಗಳನ್ನೇ ಹಾಡುವುದು, ಇಲ್ಲದಿದ್ದರೆ ಬೇರೆಯವರನ್ನು ಕರೆಸಿಕೊಳ್ಳಿ ಎಂದು ಜಂಬದಿಂದ ಹೇಳಿ ಬಂದಿದ್ದೇನೆ. ಶಿಕಾರಿಪುರದಲ್ಲಿ ಶಿವಮೂರ್ತಪ್ಪ ಮೇಷ್ಟ್ರು ಎಂಬೊಬ್ಬರು ಸ್ಕೂಲು ಮಾಡಿಕೊಂಡೇ ಇಷ್ಟೊಂದು ಕೃತಿ ಕಟ್ಟಿದ್ದಾರೆಂಬುದು ಶಿಕಾರಿಪುರಕ್ಕೇ ಗೊತ್ತಿಲ್ಲ. ಅವರು ಕಲಿಸಿದ್ದು ನನ್ನೊಬ್ಬನಿಗೆ. ಬರೆದಿಟ್ಟುಕೊಳ್ಳಲೂ ಬಿಡಲಿಲ್ಲ. ನಾನು ಹಾಡದಿದ್ದರೆ ಅವು ಅಲ್ಲಿಗೇ ಮುಗಿದ ಹಾಗೆ.

ತೊಡಕು ಏನೆಂದರೆ, ಮೊನ್ನೆ ಉಚ್ಚಂಗಪ್ಪನವರ ಮುಂದೆ ಮಾದರಿಗೆಂದು ಶಹನದ ಕೃತಿ ಹಾಡಿದೆ. ನಿಮಗೆ ಗೊತ್ತಿರುವುದೇ. "ಬಂದರೆ ಬಾ" ಎಂದು ಒಂದು ತುಂಡು, ಆಮೇಲೆ ತಾಳ ಮಾತ್ರ ನಡೆಯುವ ಖಾಲಿ ಜಾಗ. "ಬಾಗಿಲಿದೆ" ಎಂದು ಇನ್ನೊಂದು ತುಂಡು, ಮತ್ತೆ ಖಾಲಿ ಜಾಗ. ಚರಣದಲ್ಲೂ ಹಾಗೆಯೇ, "ಕೂಗಲಾರೆ" ಎಂದು ನಿಲ್ಲುವುದು, "ಕೂತಿರುವೆ" ಎಂದು ನಿಲ್ಲುವುದು. ಶಹನವೆಂದರೆ ಕಲ್ಲಿನಂಥವರ ಕಣ್ಣೂ ಒದ್ದೆಯಾಗುವ ರಾಗ. ಗುರುಗಳು ಅದರಲ್ಲಿ ಒಂದು ಹನಿ ನೀರೂ ಬೀಳದ ಹಾಗೆ ಕೃತಿ ಕಟ್ಟಿದ್ದಾರೆ. ನನಗೆ ಆ ಬಿಗಿ ಇಷ್ಟ. ಉಚ್ಚಂಗಪ್ಪನವರು ಮಾತ್ರ ಮುಗಿಯುವವರೆಗೂ ಕಾದು, "ಅಲ್ರೀ ಮೇಷ್ಟ್ರೇ, ದೇವರನ್ನ ಕರೀತಿದೀರೋ, ತಾಲ್ಲೂಕು ಕಚೇರಿ ನೋಟೀಸು ಓದ್ತಿದೀರೋ? ಜನ ಹಾಡು ಕೇಳಕ್ಕೆ ಬರೋದು ಒಂದ್ಸಲ ಕಣ್ಣು ಒರಸ್ಕಂಡು ಹೋಗಕ್ಕೆ ಕಣ್ರೀ" ಅಂದರು.

ಆದ್ದರಿಂದ ಗುರುಗಳನ್ನು ಕೇಳಬೇಕು. ಆ ಒಂದು ಕೃತಿಗೆ ಮೊದಲು ಸ್ವಲ್ಪ ಆಲಾಪನೆ ಮಾಡಬಹುದೇ? ಖಾಲಿ ಜಾಗಗಳನ್ನು ತುಂಬಿಕೊಂಡು, "ಕೂಗಲಾರೆ" ಎಂಬಲ್ಲಿ ಮೇಲಿನ ಷಡ್ಜಕ್ಕೆ ಹೋಗಿ ನಿಂತು, ಅಲ್ಲಿಂದ ಮೆಲ್ಲಗೆ ಇಳಿದು ಬರಬಹುದೇ? ಅವರ ಮಾತು ಬರುವವರೆಗೆ ಬಾಯಿ ತೆರೆಯುವುದಿಲ್ಲ. ಭಾವನವರಿಗೆ ನಮಸ್ಕಾರ ತಿಳಿಸಿ.

ನಿಮ್ಮ ತಮ್ಮನಂಥ
ಲೋಕಪ್ಪ


ಶಿಕಾರಿಪುರ
೨೭ ಅಕ್ಟೋಬರ್ ೧೯೫೭

ತಮ್ಮ ಲೋಕಪ್ಪನಿಗೆ ಆಶೀರ್ವಾದ.

ದೀಪಾವಳಿಯ ಗಡಿಬಿಡಿಯಲ್ಲಿ ನಿನ್ನ ಕಾಗದ ಗೂಡಿನಲ್ಲೇ ಉಳಿಯಿತು. ಅಪ್ಪನಿಗೆ ಇನ್ನೂ ಓದಿಲ್ಲ. ಹಬ್ಬಕ್ಕೆ ಹೋಳಿಗೆ ತಿಂದು ಹೊಟ್ಟೆ ಕೆಡಿಸಿಕೊಂಡು ಯಾರ ಮಾತೂ ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗಿದ್ದಾರೆ.

ನಿನ್ನ ಉಚ್ಚಂಗಪ್ಪನವರಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ ಹೇಳು. ಕಂಡಿಲ್ಲ, ಆದರೂ ಮನಸ್ಸಿಗೆ ಹಿಡಿಸಿದರು. ನೋಟೀಸು ಎಂಬ ಮಾತು ನನಗೆ ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲವೋ. ತಾಲ್ಲೂಕು ಕಚೇರಿಯ ಗುಮಾಸ್ತರನ್ನೇ ಮದುವೆಯಾಗಿದ್ದೇನೆ, ಮನೆ ತುಂಬ ನೋಟೀಸು. ಇವರಿಗೆ ನಿನ್ನ ಕಾಗದದ ಆ ಸಾಲು ಓದಿ ಹೇಳಿದೆ. ಇವರು ನಗಲಿಲ್ಲ, "ನೋಟೀಸು ಚೆನ್ನಾಗಿ ಬರೆಯೋದೂ ಕಷ್ಟ" ಅಂದರು.

ನೀನು ಆ ಬಿಗಿಯನ್ನು ದೊಡ್ಡದೆಂದು ತಿಳಿದಿದ್ದೀಯ. ನೀನು ಪಾಠಕ್ಕೆ ಬಂದು ಪಾಠ ಮುಗಿಸಿ ಹೋದವನು. ನಾನು ಆ ಬಿಗಿಯೊಳಗೇ ಬೆಳೆದವಳು. ಅವ್ವ ಉಬ್ಬಸದಿಂದ ತೀರಿಹೋದಾಗ ನಾನು ಇನ್ನೂ ಚಿಕ್ಕವಳು, ಅವಳ ಮುಖವೂ ಸರಿಯಾಗಿ ನೆನಪಿಲ್ಲ. ಯಮುನವ್ವ ಹೋದಳೆಂದು ಕೇರಿಗೆ ಕೇರಿಯೇ ಗೋಳಾಡಿತು. ಅಪ್ಪ ಅಳಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ಜಗುಲಿಯಲ್ಲಿ ಕೂತು ತಂಬೂರಿಯ ತಂತಿ ಬಿಗಿಮಾಡುತ್ತಿದ್ದರು. ನಾನು ಅಳುತ್ತ ಹೋಗಿ ಪಕ್ಕ ನಿಂತರೆ ತಲೆ ಸವರಲಿಲ್ಲ, ಎದ್ದು ಹೋಗಿ ಒಂದು ಲೋಟ ನೀರು ತಂದುಕೊಟ್ಟರು. ನೀರು ಕುಡಿದು ಸುಮ್ಮನಾದೆ. ಆವತ್ತಿನಿಂದ ಸುಮ್ಮನೇ ಇದ್ದೇನೆ ಅನ್ನಿಸುತ್ತದೆ.

"ಬಂದರೆ ಬಾ, ಬಾಗಿಲಿದೆ." ಹಾಗೆ ಯಾರನ್ನಾದರೂ ಕರೆಯುತ್ತಾರೆಯೇ? ನೆಂಟರನ್ನು ಹಾಗೆ ಕರೆದರೆ ಹೊಸಿಲು ದಾಟುವುದಿಲ್ಲ, ಶಿವ ಬರುತ್ತಾನೆಯೇ? ಆ ಹಾಡು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಅಪ್ಪನನ್ನು ಕೇಳಿ ಬರೆಯುತ್ತೇನೆ.

ವನಜ


ಶಿಕಾರಿಪುರ
೧೦ ನವೆಂಬರ್ ೧೯೫೭

ಲೋಕಪ್ಪನಿಗೆ ಆಶೀರ್ವಾದ.

ಅಪ್ಪನಿಗೆ ಓದಿ ಹೇಳಿದೆ. ನೀನು ಹೇಳಿದಂತೆ ಊಟವಾದ ಮೇಲೆಯೇ. ಅವರ ಮಾತನ್ನು ಇದ್ದ ಹಾಗೇ ಬರೆಯುತ್ತಿದ್ದೇನೆ:

"ಲೋಕಪ್ಪನ ಮೇಲೆ ನನಗೆ ಪೂರ್ಣ ಭರವಸೆ ಇದೆ. ಅವನ ಮನಸ್ಸಿಗೆ ಬಂದ ಹಾಗೆ ಹಾಡಲಿ. ಕೇಳಿದವರ ಕಣ್ಣಲ್ಲಿ ನೀರು ಬಂದರೆ ನನಗೂ ಸಂತೋಷವೇ."

ಮತ್ತೆ ಈ ವಿಷಯ ಕೆದಕಿ ಬರೆಯಬೇಡ. ಒಂದು ಮಾತನ್ನು ಎರಡು ಸಲ ಕೇಳಿದರೆ ಅವರಿಗೆ ಆಗುವುದಿಲ್ಲವೆಂದು ನಿನಗೆ ಗೊತ್ತು. ಚೆನ್ನಾಗಿ ಹಾಡು. ಮೇಲಿನ ಷಡ್ಜದಲ್ಲಿ ಚೆನ್ನಾಗಿ ನಿಲ್ಲು.

ವನಜ


ಸೊರಬ
೨೦ ಜನವರಿ ೧೯೫೮

ವನಜಕ್ಕನವರಿಗೆ ಶರಣು.

ಗುರುಗಳಿಗೆ ಈ ಕಾಗದವನ್ನು ನಿಧಾನವಾಗಿ ಓದಿ. ಹಾಡುಗಾರಿಕೆ ನಿನ್ನೆ ಆಯಿತು. ಉಗ್ರಾಣ ತುಂಬಿ, ಹೊರಗೆ ಗಾಡಿಗಳ ಮೇಲೂ ಜನ ಕೂತಿದ್ದರು. ಪಿಟೀಲಿಗೆ ಸಾಗರದವರೊಬ್ಬರು ಬಂದಿದ್ದರು. ಮೊದಲ ಮೂರು ಕೃತಿ ಗುರುಗಳು ಕಲಿಸಿದಂತೆಯೇ ಹಾಡಿದೆ. ಜನ ಸುಮ್ಮನೆ ಕೇಳಿದರು, ಕೆಲವರು ಕೆಮ್ಮಿದರು, ಹಿಂದಿನ ಸಾಲಿನಲ್ಲಿ ಯಾರೋ ಅಡಿಕೆ ಧಾರಣೆ ಮಾತಾಡುತ್ತಿದ್ದದ್ದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ಆಮೇಲೆ ಶಹನ ಎತ್ತಿದೆ. ಆಲಾಪನೆಗೇ ಉಗ್ರಾಣ ಗಪ್‌ಚುಪ್. "ಬಂದರೆ ಬಾ" ಎಂಬುದನ್ನು ಒಂದೊಂದು ಸಲವೂ ಒಂದೊಂದು ಬಗೆಯಲ್ಲಿ ಎಳೆದು, ಮುರಿದು, ಬೇಡಿಕೊಂಡೆ. ಖಾಲಿ ಜಾಗ ಒಂದನ್ನೂ ಬಿಡಲಿಲ್ಲ. "ಕೂಗಲಾರೆ" ಎಂದು ಮೇಲಿನ ಷಡ್ಜಕ್ಕೆ ಹೋಗಿ ನಿಂತೆ, ಎದೆಯಲ್ಲಿದ್ದ ಉಸಿರೆಲ್ಲ ಅಲ್ಲಿ ಇಟ್ಟೆ. ಹೆಂಗಸರ ಕಡೆಯಿಂದ ಬಿಕ್ಕುವ ಸದ್ದು ಬಂತು. ಉಚ್ಚಂಗಪ್ಪನವರು ಶಲ್ಯದಲ್ಲಿ ಮುಖ ಮುಚ್ಚಿಕೊಂಡರು. ಮುಗಿದ ಮೇಲೆ ನನ್ನ ಎರಡೂ ಕೈ ಹಿಡಿದು, "ಮೇಷ್ಟ್ರೇ, ನಮ್ಮಪ್ಪ ಸತ್ತಾಗ ನಂಗೆ ಅಳು ಬಂದಿರ್ಲಿಲ್ಲ. ಅದೆಲ್ಲ ಇವತ್ತು ಬಂತು ನೋಡಿ" ಅಂದರು. ಸಭಾದವರು ವರ್ಷಕ್ಕೊಂದು ದಿನ ಗುರುಗಳ ಹೆಸರಿನಲ್ಲೇ ಹಾಡಿಸಬೇಕೆಂದು ಅಲ್ಲೇ ಠರಾವು ಮಾಡಿದರು.

ನನಗೆ ಎಷ್ಟು ಖುಷಿಯಾಗಿದೆಯೆಂದು ಬರೆಯಲಾರೆ. ಆದರೂ ವನಜಕ್ಕ, ಇದನ್ನು ಗುರುಗಳಿಗೆ ಓದಬೇಡಿ, ಜನ ಎದ್ದು ಬಂದು ಹೊಗಳುತ್ತಿರುವಾಗ ನಾನು ಯಾರಾದರೂ ಬೈದರೆ ಸಾಕೆಂದು ಕಾಯುತ್ತಿದ್ದೆ. ಯಾಕೆಂದು ಗೊತ್ತಿಲ್ಲ.

ಮುಂದಿನ ತಿಂಗಳು ಶಿವರಾತ್ರಿ ಕಳೆದ ಭಾನುವಾರ ಬೆಳಗಿನ ಬಸ್ಸಿಗೆ ಬಂದು ಗುರುಗಳ ಮುಂದೆ ಹಾಡಿ ತೋರಿಸುತ್ತೇನೆ.

ಲೋಕಪ್ಪ


ಶಿಕಾರಿಪುರ
೨ ಫೆಬ್ರವರಿ ೧೯೫೮

ಲೋಕಪ್ಪನಿಗೆ ಆಶೀರ್ವಾದ.

ಸಂತೋಷದ ಸುದ್ದಿ. ಅಪ್ಪನಿಗೆ ಓದಿ ಹೇಳಿದೆ, ತಲೆಯಾಡಿಸಿದರು.

ಈಗ ಬರುವುದು ಬೇಡ. ಅಪ್ಪನಿಗೆ ನೆಗಡಿ. ಇವರಿಗೆ ಕಚೇರಿಯಲ್ಲಿ ಜಮಾಬಂದಿ ಕೆಲಸ, ಮನೆಗೆ ಬಂದರೆ ಯಾರು ಮಾತಾಡಿಸಿದರೂ ಸಿಡಿಯುತ್ತಾರೆ. ಮನೆಗೆ ಸುಣ್ಣ ಹೊಡೆಸುವುದೂ ಇದೆ. ಬೇಸಿಗೆ ರಜ ಬರಲಿ, ಆಗ ನೋಡೋಣ. ಹಾಡಿ ತೋರಿಸುವುದೇನಿದೆ, ಹೇಗೆ ಹಾಡಿದೆಯೆಂದು ಬರೆದಿದ್ದೀಯಲ್ಲ.

ವನಜ


ಸೊರಬ
೨೪ ಫೆಬ್ರವರಿ ೧೯೫೮

ವನಜಕ್ಕನವರಿಗೆ ಶರಣು.

ಬೇಡವೆಂದರೂ ಬಂದೆ. ನೀವು ಬರೆದದ್ದು ನನ್ನ ಊಟ ಉಪಚಾರದ ಸಂಕೋಚಕ್ಕೆಂದು ತಿಳಿದೆ. ಗುರುಗಳಿಗೆ ನೆಗಡಿ ಇರಲಿಲ್ಲ, ಗೋಡೆಗೆ ಸುಣ್ಣವೂ ಇರಲಿಲ್ಲ. ಹೋಗಲಿ, ಅದನ್ನು ಕೇಳುವುದಿಲ್ಲ.

ಗುರುಗಳು ನನ್ನ ಕಾಲಿನ ಸದ್ದಿಗೇ "ಲೋಕಪ್ಪ, ಬಂದ್ಯಾ" ಅಂದರು. "ಹಾಡು" ಅಂದರು. ತೊಡೆಯ ಮೇಲೆ ತಾಳ ಹಾಕುತ್ತ ಕೂತರು. ಶಹನ ಎತ್ತಿದೆ. ಸೊರಬದಲ್ಲಿ ಹಾಡಿದ್ದಕ್ಕಿಂತ ಚೆನ್ನಾಗಿ ಬರುತ್ತಿತ್ತು. "ಕೂಗಲಾರೆ" ಎಂದು ಮೇಲೆ ಹೋಗಿ ನಿಂತಾಗ ಕಣ್ಣು ಬಿಟ್ಟು ನೋಡುತ್ತೇನೆ, ಗುರುಗಳ ಕೈ ನಿಂತಿದೆ. ನಾನೂ ನಿಲ್ಲಿಸಬೇಕಿತ್ತು. ಮುಗಿಸುವವರೆಗೂ ತಾಳವಿಲ್ಲದೆ ಹಾಡಿದೆ.

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ಆಕೆಗೆ ಅಷ್ಟು ಉಸಿರು ಇರಲಿಲ್ಲ" ಅಂದರು, ನನಗಲ್ಲ, ಎದುರು ಗೋಡೆಗೆ. ಆಮೇಲೆ "ಉಂಡು ಹೋಗು" ಎಂದು ಗೋಡೆ ಹಿಡಿದುಕೊಂಡು ಒಳಗೆ ಹೋದರು. ನಾನು ಉಣ್ಣುವಾಗ ಹೊರಗೆ ಬರಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು ಕರೆದೆ, ಓ ಅನ್ನಲಿಲ್ಲ. ಇಷ್ಟು ವರ್ಷದಲ್ಲಿ ಅವರಿಗೆ ನಮಸ್ಕಾರ ಮಾಡದೆ ಆ ಹೊಸಿಲು ದಾಟಿದ್ದು ಇದೇ ಮೊದಲು.

ಆಕೆ ಅಂದರೆ ಯಾರು? ಮುಪ್ಪಿಗೆ ಮನಸ್ಸು ಎಲ್ಲಿಗೋ ಹೋಗಿತ್ತೇ? ನೀವು ಅಡಿಗೆಮನೆ ಬಾಗಿಲಲ್ಲೇ ನಿಂತಿದ್ದಿರಿ, ಎಲ್ಲ ಕೇಳಿಸಿಕೊಂಡಿರಿ. ಬಡಿಸುವಾಗ ಒಂದು ಸಲವೂ ನನ್ನ ಮುಖ ನೋಡಲಿಲ್ಲ. ನನ್ನಿಂದ ಏನು ತಪ್ಪಾಯಿತೆಂದು ಬರೆಯಿರಿ.

ಲೋಕಪ್ಪ


ಸೊರಬ
೯ ಮಾರ್ಚ್ ೧೯೫೮
(ಕಾರ್ಡು)

ವನಜಕ್ಕನವರಿಗೆ ಶರಣು. ಉತ್ತರ ಬರಲಿಲ್ಲ. ಇಲ್ಲಿ ಉಚ್ಚಂಗಪ್ಪನವರು ಎದುರು ಸಿಕ್ಕಾಗಲೆಲ್ಲ "ಗುರುಗಳಿಗೆ ಸಮಾಧಾನ ಆತೇನ್ರೀ" ಎಂದು ಕೇಳುತ್ತಾರೆ. ಆಯಿತು ಎನ್ನುತ್ತಿದ್ದೇನೆ. ಕಾರ್ಡಾದ್ದರಿಂದ ಹೆಚ್ಚು ಬರೆಯುವುದಿಲ್ಲ. — ಲೋಕಪ್ಪ


ಶಿಕಾರಿಪುರ
೧೯ ಮಾರ್ಚ್ ೧೯೫೮

ಲೋಕಪ್ಪ,

ಆಶೀರ್ವಾದ ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ. ನಾನು ಬರೆಯುವುದನ್ನು ಕೂತುಕೊಂಡು ಓದು.

ನಿನ್ನ ಮೊದಲ ಕಾಗದವನ್ನು ಅಪ್ಪನಿಗೆ ಓದಿದ್ದು ನಿಜ. ಆಲಾಪನೆ ಮಾಡಲೇ, ಖಾಲಿ ಜಾಗ ತುಂಬಲೇ, ಮೇಲಿನ ಷಡ್ಜಕ್ಕೆ ಹೋಗಲೇ ಎಂದು ನೀನು ಕೇಳಿದ್ದೆಲ್ಲ ಓದಿದೆ. ಅಪ್ಪ ಹೇಳಿದ್ದು ಒಂದೇ ಮಾತು. "ಬ್ಯಾಡ." ಭರವಸೆ, ಮನಸ್ಸಿಗೆ ಬಂದ ಹಾಗೆ, ಸಂತೋಷ, ಅವೆಲ್ಲ ನನ್ನವು.

ಯಾಕೆ ಬರೆದೆ ಎಂದು ಕೇಳುತ್ತೀಯ. ಆವತ್ತು ಅಪ್ಪ ಬ್ಯಾಡ ಅಂದ ರೀತಿಗೆ ಮೈಯೆಲ್ಲ ಉರಿಯಿತು. ನಾನು ಲಂಗ ಹಾಕಿಕೊಂಡಿದ್ದ ಕಾಲದಲ್ಲಿ ನನಗೂ ಹಾಡು ಕಲಿಸಿ ಎಂದು ಅವರ ಮುಂದೆ ಹೋಗಿ ನಿಂತಾಗಲೂ ಇದೇ ಮಾತು, ಇದೇ ದನಿ. ಯಾಕೆ ಎಂದು ಕೇಳಿದರೆ ಹೇಳುವವರಲ್ಲ. ಅದೇ ವರ್ಷ ನಿನ್ನನ್ನು ಪಾಠಕ್ಕೆ ಸೇರಿಸಿಕೊಂಡರು. ನೀನು ಹಾಡುವಾಗ ನಾನು ಒಳಗೆ ಅಕ್ಕಿ ಆರಿಸುತ್ತ, ಆ ಒಂದು ಹಾಡು ಒಂದು ಸಲವಾದರೂ ಅತ್ತುಬಿಟ್ಟರೆ ಸಾಕಿತ್ತು ಅಂದುಕೊಳ್ಳುತ್ತಿದ್ದೆ. ಅಪ್ಪ ಅಳದಿದ್ದರೆ ಅಪ್ಪನ ಹಾಡನ್ನಾದರೂ ಅಳಿಸೋಣವೆಂದು ಬರೆದೆ. ಕಾಗದ ಅಂಚೆಗೆ ಹಾಕಿ ಬಂದು ಆವತ್ತು ಹೊಟ್ಟೆ ತುಂಬ ಉಂಡೆ ಕಣೋ. ಅದು ಈಗ ನೆನಪಾದರೆ ಹೇಸಿಗೆಯಾಗುತ್ತದೆ.

ನಿನ್ನ ಸೊರಬದ ಕಾಗದ ಅಪ್ಪನಿಗೆ ಓದಲೇ ಇಲ್ಲ. ತಲೆಯಾಡಿಸಿದರು ಎಂದದ್ದೂ ಸುಳ್ಳು.

ನೀನು ಹೋದ ಮೇಲೆ ಅಪ್ಪನ ಹತ್ತಿರ ಹೋಗಿ ಆಕೆ ಅಂದರೆ ಯಾರು ಎಂದು ಕೇಳಿದೆ. "ನಿಮ್ಮವ್ವ" ಅಂದರು. ಆಮೇಲೆ ಅವರಾಗಿಯೇ ಮಾತಾಡಿದರು. ಅಷ್ಟು ಮಾತಾಡಿದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ.

"ಆಕೆಗೆ ಹಾಡೋ ಆಸೆ. ಉಬ್ಬಸ ಇತ್ತಲ್ಲ, ನಾಕಕ್ಷರಕ್ಕೇ ಕಟ್ಟಿಕ್ಯಂತಿತ್ತು. ಅದಕ್ಕೆ ತುಂಡು ತುಂಡು ಮಾಡಿದೆ. ಒಂದು ತುಂಡು ಇಬ್ರೂ ಹಾಡೋದು. ತಾಳ ಹಾಕ್ತಾ ನಾ ಕಾಯೋದು, ಆಕೆ ಸುಧಾರಿಸ್ಕ್ಯಂಬೋದು. ಮ್ಯಾಲಿನ ಸ್ವರ ಇಡಲಿಲ್ಲ, ಮುಟ್ಟಕ್ಕಾಗಂಗಿಲ್ಲ ಅಂತ. ನೀನು ಏಳೋದ್ರೊಳಗೆ ಬೆಳಿಗ್ಗೆ ಹಾಡ್ತಿದ್ವಿ. ನಿನ್ನ ಎದುರಿಗೆ ಹಾಡಿದ್ರೆ ಕೂಸು ಉಬ್ಬಸ ನೋಡಿ ಹೆದರ್ತತಿ ಅಂತಿದ್ಲು."

ನಾನು ನೋಟೀಸು ಎಂದು ನಕ್ಕದ್ದು ನಮ್ಮವ್ವನ ಉಸಿರಿನ ಅಳತೆ, ಲೋಕಪ್ಪ. ಆ ಖಾಲಿ ಜಾಗಗಳಲ್ಲಿ ಅವಳು ಕೂತಿದ್ದಳು. ನಾನು ನಿನ್ನ ಕೈಲಿ ಅವನ್ನೆಲ್ಲ ತುಂಬಿಸಿದೆ.

ಇಷ್ಟಕ್ಕೇ ನಿಲ್ಲಲಿಲ್ಲ. ಅಪ್ಪ ಕೇಳಿದರು, "ಬ್ಯಾಡ ಅಂದಿದ್ನಲ್ಲ, ಬರೆದಿದ್ಯಾ?" ನಾನು "ಬರೆದಿದ್ದೆ" ಅಂದೆ. ಬಾಯಿಂದ ಹಾಗೇ ಬಂದುಬಿಟ್ಟಿತು. "ಹಂಗಾರೆ ಬೇಕಂತಲೇ ಹಾಡ್ಯಾನೆ" ಅಂದರು. ಆಮೇಲೆ, "ಅವಗೆ ಬರಿ. ಇನ್ನು ಮ್ಯಾಲೆ ನನ್ನ ಯಾವ ಹಾಡೂ ಹಾಡಬ್ಯಾಡ ಅನ್ನು. ನನ್ನ ಬಾಗಿಲಿಗೂ ಬರಬ್ಯಾಡ ಅನ್ನು" ಅಂದರು. ಆವತ್ತಿನಿಂದ ದಿನವೂ ಕೇಳುತ್ತಿದ್ದಾರೆ, ಬರೆದ್ಯಾ ಎಂದು. ಶಾಯಿ ಮುಗಿದಿದೆ, ಅಂಚೆಯವನು ಬರಲಿಲ್ಲ, ಹೀಗೆ ಏನೋ ಒಂದು ಹೇಳುತ್ತಿದ್ದೇನೆ.

ನಾನು ಸುಮ್ಮನಿದ್ದರೆ ನಿನಗೆ ಗುರುಗಳಿಲ್ಲ, ಅವರಿಗೆ ಶಿಷ್ಯನಿಲ್ಲ, ಹಾಡುಗಳೂ ಇಲ್ಲ. ಹೇಳಿದರೆ ನನಗೆ ಅಪ್ಪ ಉಳಿಯುವುದಿಲ್ಲ. ಅವ್ವನನ್ನು ನೆನಪಿಟ್ಟವರು ಅವರೊಬ್ಬರೇ. ಅವಳ ವಿಷಯ ಈಗಷ್ಟೇ ನನ್ನ ಹತ್ತಿರ ಬಾಯಿ ಬಿಟ್ಟಿದ್ದಾರೆ. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದು ಏಳುತ್ತೇನೆ, ಕಾಫಿ ಕೊಟ್ಟು ಸುಮ್ಮನೆ ಬರುತ್ತೇನೆ.

ನನ್ನನ್ನು ಏನು ಬೇಕಾದರೂ ಅನ್ನು.

ವನಜ


ಸೊರಬ
೨೮ ಮಾರ್ಚ್ ೧೯೫೮

ವನಜಕ್ಕನವರಿಗೆ ಶರಣು.

ನಿಮ್ಮನ್ನು ಅನ್ನುವ ಯೋಗ್ಯತೆ ನನಗಿದ್ದಿದ್ದರೆ ಅಂದೇ ಬಿಡುತ್ತಿದ್ದೆ. ಇಲ್ಲ.

ನವೆಂಬರಿನಲ್ಲಿ ನಿಮ್ಮ ಕಾಗದ ಬಂದಾಗ ಸ್ಕೂಲಿನ ಮೆಟ್ಟಿಲ ಮೇಲೆ ನಿಂತು ಓದಿದೆ. ಓದಿದ ಕೂಡಲೇ ಇದು ಗುರುಗಳ ಮಾತಲ್ಲವೆಂದು ಗೊತ್ತಾಯಿತು. ಅವರು ನನಗೆ ಪಾಠ ಹೇಳಿದ ಕಾಲದಲ್ಲೆಲ್ಲ ಒಂದು ದಿನವಾದರೂ ಭರವಸೆ ಎಂದವರೇ, ಸಂತೋಷ ಎಂದವರೇ? ನಾನು ಏನಾದರೂ ಸರಿಯಾಗಿ ಹಾಡಿದರೆ "ಮುಂದೆ" ಎನ್ನುತ್ತಿದ್ದರು. ಅದೇ ಅವರ ಶಹಭಾಸ್. ಅಂಥವರ ಬಾಯಲ್ಲಿ "ಕಣ್ಣಲ್ಲಿ ನೀರು ಬಂದರೆ ನನಗೂ ಸಂತೋಷ" ಎಂಬ ಮಾತು ಬಂತೆಂದರೆ ಯಾರಿಗೆ ತಾನೇ ಗೊತ್ತಾಗುವುದಿಲ್ಲ. ಸೊರಬದಿಂದ ಶಿಕಾರಿಪುರಕ್ಕೆ ಬಸ್ಸಿದೆ. ಒಂದು ದಿನ ರಜ ಹಾಕಿ ಬಂದು ಕೇಳಬಹುದಿತ್ತು. ನಾನು ಆ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಸಂಜೆಯಿಂದಲೇ ಮೇಲಿನ ಷಡ್ಜ ಸಾಧಿಸತೊಡಗಿದೆ. ನನಗೆ ಬೇಕಾಗಿದ್ದ ಮಾತನ್ನು ನೀವು ಬರೆದಿರಿ, ನಾನು ನಂಬಿದವನ ಹಾಗೆ ನಟಿಸಿದೆ.

ಬಿಗಿ ನನಗಿಷ್ಟ ಎಂದು ದೊಡ್ಡದಾಗಿ ಬರೆದಿದ್ದೆ. ಇಷ್ಟವೇನೋ ಹೌದು. ಆದರೆ ಆ ಹಾಡು ಹಾಡಿದಾಗ ಯಾರೂ ನನ್ನನ್ನು ನೋಡುತ್ತಿರಲಿಲ್ಲ, ಅದೂ ನಿಜ. ಉಚ್ಚಂಗಪ್ಪನವರು ಕೈ ಹಿಡಿದಾಗ ಗುರುಗಳ ನೆನಪೇ ನನಗಿರಲಿಲ್ಲ.

ಶಿಕಾರಿಪುರದಲ್ಲಿ ಅವರ ಕೈ ನಿಂತಾಗ "ನೀವೇ ಒಪ್ಪಿದ್ದಿರಲ್ಲ" ಎಂದು ನಾನು ಕೇಳಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು. ಕೇಳಿದರೆ ಏನು ಉತ್ತರ ಬರುತ್ತದೆಂದು ಗೊತ್ತಿದ್ದದ್ದರಿಂದ ಕೇಳಲಿಲ್ಲ. ಆಮೇಲೆ "ಆಕೆ ಯಾರು" ಎಂದು ನಿಮಗೆ ಬರೆದು, ಮುಪ್ಪಿನ ಮಾತೆತ್ತಿ, ತಪ್ಪನ್ನು ಅವರ ವಯಸ್ಸಿನ ಮೇಲೆ ಹಾಕಲು ನೋಡಿದೆ.

ಆದ್ದರಿಂದ ನನ್ನದೊಂದು ಮಾತು ನಡೆಸಿಕೊಡಿ. ಗುರುಗಳಿಗೆ ಏನೂ ಹೇಳಬೇಡಿ. ಲೋಕಪ್ಪ ಮಾತು ಮೀರಿದ ಎಂದೇ ಇರಲಿ. ಶಿಷ್ಯ ಕೆಟ್ಟರೆ ಮನುಷ್ಯ ತಡೆದುಕೊಳ್ಳುತ್ತಾನೆ. ದಿನಾ ಅನ್ನ ಹಾಕುವ ಮಗಳೇ ಸುಳ್ಳು ಬರೆದಳೆಂದರೆ ತಡೆಯುವುದು ಕಷ್ಟ. ಅವರ ಹಾಡುಗಳನ್ನು ನಾನು ಬಿಡುತ್ತೇನೆ. ಸಭಾದವರಿಗೆ ಗಂಟಲು ಕೆಟ್ಟಿದೆಯೆಂದು ಹೇಳಿದ್ದೇನೆ.

ನಿನ್ನೆ ಮನೆಯಲ್ಲಿ ಒಬ್ಬನೇ ಕೂತು ಮೊದಲಿನ ಹಾಗೆ ತುಂಡು ತುಂಡಾಗಿ ಹಾಡಲು ನೋಡಿದೆ. "ಬಂದರೆ ಬಾ" ಅಂದು ನಿಲ್ಲಿಸಿದೆ. ತಾಳ ಹಾಕಿದೆ. ಮುಂದಿನ ತುಂಡು ಬಾಯಿಗೆ ಬರಲಿಲ್ಲ.

ಲೋಕಪ್ಪ


ಶಿಕಾರಿಪುರ
೧೩ ಏಪ್ರಿಲ್ ೧೯೫೮

ಲೋಕಪ್ಪ,

ನಿನ್ನ ಮಾತು ನಡೆಸಲಿಲ್ಲ. ನಿನ್ನ ಕಾಗದ ಓದಿದ ಮೇಲೆ ಇನ್ನೊಂದು ದಿನವೂ ಸುಮ್ಮನಿರಲು ನನ್ನಿಂದಾಗಲಿಲ್ಲ. ನನ್ನ ತಪ್ಪನ್ನು ನೀನು ಹೊತ್ತುಕೊಂಡು ಹೋಗುತ್ತೀಯ ಎಂದರೆ ನನಗೆ ಒಳಗೊಳಗೇ ಹಗುರವಾಯಿತು. ಆ ಹಗುರ ಕಂಡೇ ಹೆದರಿದೆ. ಅಪ್ಪನ ಎದುರು ಕೂತು ಇವರ ಮುಂದೆಯೇ ಎಲ್ಲ ಹೇಳಿದೆ. ಅಪ್ಪ ಒಂದು ದಿನ ಪೂರ್ತಿ ನನ್ನನ್ನು ಮಾತಾಡಿಸಲಿಲ್ಲ. ಇವತ್ತು ಬೆಳಿಗ್ಗೆ ಕಾಗದ ತಗೋ ಅಂದರು. ಇಲ್ಲಿಂದ ಮುಂದೆ ಎಲ್ಲ ಅವರ ಮಾತು.

ಲೋಕಪ್ಪನಿಗೆ ಶಿವಮೂರ್ತಪ್ಪನ ಆಶೀರ್ವಾದ.

ವನಜ ಹೇಳಿದಳು. ನಿನ್ನ ಕಾಗದಗಳನ್ನೂ ಓದಿದಳು. ಈ ಸಲ ಪೂರ್ತಿ ಓದುತ್ತಾಳೆಯೇ ಎಂದು ಅಳಿಯಂದಿರು ಪಕ್ಕದಲ್ಲಿ ಕೂತು ನೋಡಿದರು.

ನಾನು ಬೇಡ ಅಂದೆ. ಯಾಕೆ ಬೇಡ ಎಂದು ಹೇಳಲಿಲ್ಲ. ಒಂದು ಮಾತು ಹೆಚ್ಚು ಆಡಿದ್ದರೆ ಇಷ್ಟು ಆಗುತ್ತಿರಲಿಲ್ಲ. ಅದು ನನ್ನ ಪಾಲು.

ನೀನು ಎಲ್ಲವನ್ನೂ ತಲೆಯ ಮೇಲೆ ಹಾಕಿಕೊಳ್ಳಲು ಹೊರಟದ್ದು ಸರಿಯಲ್ಲ. ಗೊತ್ತಿದ್ದೂ ಹಾಡಿದೆ. ನಿನಗೆ ಅಷ್ಟು ಸಾಕು.

ಹಾಡು ಬಿಡಬೇಡ. ಕಲಿಸಿದ್ದನ್ನು ಹಿಂದಕ್ಕೆ ಕೇಳುವ ವಾಡಿಕೆ ನನ್ನಲ್ಲಿಲ್ಲ. ಮೊನ್ನೆ ಹಾಗೆ ಹೇಳಿದ್ದು ಸಿಟ್ಟಿಗೆ. ಬೇರೆ ಕೃತಿಗಳನ್ನು ಸಭೆಯಲ್ಲಿ ಹಾಡು. ಆಲಾಪನೆ ಬೇಕಾದರೆ ಮಾಡು. ಉಚ್ಚಂಗಪ್ಪನವರು ಅತ್ತದ್ದಕ್ಕೆ ನನ್ನ ತಕರಾರು ಇಲ್ಲ. ಅವರ ತಂದೆಗೆ ಸಲ್ಲಬೇಕಾದ್ದು ಸಂದಿತು.

ಶಹನದ್ದು ಮಾತ್ರ ಸಭೆಗೆ ಬೇಡ. ಮನೆಯಲ್ಲಿ ಹಾಡಿಕೋ. ತುಂಡು ಮುಗಿದ ಕಡೆ ನಿಲ್ಲು. ನಿನಗೆ ಉಸಿರು ಇದ್ದರೂ ನಿಲ್ಲು.

ವನಜಳಿಗೆ ನಾನು ಹಾಡು ಕಲಿಸಲಿಲ್ಲ. ಅವಳ ಎದೆಯೂ ತಾಯಿಯ ಹಾಗೇ ಇರಬಹುದೆಂದು ಹೆದರಿದೆ. ಹೆದರಿದ್ದನ್ನು ಅವಳಿಗೆ ಹೇಳಲಿಲ್ಲ. ಅವಳು ಬೇರೆ ತಿಳಿದಳು. ಇದನ್ನು ಅವಳಿಗೆ ಎದುರಿಗೇ ಹೇಳಲು ಈಗಲೂ ಬರುವುದಿಲ್ಲ. ನಿನಗೆ ಬರೆಸುವ ನೆಪದಲ್ಲಿ ಹೇಳುತ್ತಿದ್ದೇನೆ. ಬರೆದುಕೊಳ್ಳಲಿ.

ಇನ್ನು ಮುಂದೆಯೂ ನನ್ನ ಕಾಗದಗಳನ್ನು ವನಜಳೇ ಬರೆಯುತ್ತಾಳೆ. ಬರೆದಾದ ಮೇಲೆ ಅಳಿಯಂದಿರ ಕೈಲಿ ಓದಿಸಿ ಕೇಳುತ್ತೇನೆ. ಹಾಗೆ ಮಾಡುವುದು ನನಗೂ ಹಿತವಿಲ್ಲ. ಆದರೂ ಹಾಗೇ ಇರಲಿ.

ರಜ ಬಂದಾಗ ಬಾ.

ಶಿವಮೂರ್ತಪ್ಪ

ಮೇಲ್ಕಂಡ ಕಾಗದವನ್ನು ಮಾವನವರಿಗೆ ಓದಿ ಕೇಳಿಸಿದ್ದೇನೆ. ಅವರು ಹೇಳಿದ್ದಕ್ಕೂ ವನಜ ಬರೆದದ್ದಕ್ಕೂ ವ್ಯತ್ಯಾಸವಿಲ್ಲ. "ಹೆದರಿದೆ" ಎಂಬಲ್ಲಿಂದ ಮುಂದಿನ ಎರಡು ಸಾಲುಗಳ ಮೇಲೆ ನೀರು ಬಿದ್ದು ಶಾಯಿ ಕಲೆಸಿದೆ. ಓದಲು ಅಡ್ಡಿಯಿಲ್ಲ. ಶಾಯಿ ಕಲೆಸಿರುವ ಸಂಗತಿಯನ್ನು ಮಾತ್ರ ಮಾವನವರಿಗೆ ಓದಿ ಹೇಳಿಲ್ಲ.

ಆನಂದಪ್ಪ